ಜಾಲರಿಯೊಳಗೆ ಕುಳಿತ ಮೈಕೆಲ್ ಫ್ಯಾರಡೆ

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುವ ನಮಗೆಲ್ಲ ಫ್ಯಾರಡೆ ಹೆಸರು ಗೊತ್ತು. ಪರೀಕ್ಷೆಯಲ್ಲಿ ಅವರ ನಿಯಮ ಬರೆದು ಅಂಕ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಆ ಮನುಷ್ಯ ಯಾರು ಎಂದು ಕೇಳುವವರು ಕಡಿಮೆ.

ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನಲ್ಲಿದ್ದ ನ್ಯೂಯಿಂಗ್ಟನ್‌ನಲ್ಲಿ. ತಂದೆ ಕಮ್ಮಾರರು, ಮೇಲಿಂದ ಮೇಲೆ ಕಾಯಿಲೆ ಬೀಳುತ್ತಿದ್ದರು. ಒಂದು ಬ್ರೆಡ್ಡನ್ನು ಹುಡುಗ ವಾರವಿಡೀ ಇಟ್ಟುಕೊಂಡು ತಿನ್ನಬೇಕಾದ ಕಾಲವೂ ಇತ್ತು. ಓದು, ಬರಹ, ಒಂದಿಷ್ಟು ಲೆಕ್ಕ. ಶಾಲೆ ಅಲ್ಲಿಗೆ ಮುಗಿಯಿತು. 14ನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದರು. ಏಳು ವರ್ಷ ಅಲ್ಲೇ. ಹಗಲು ರಟ್ಟು ಕಟ್ಟಿದ ಪುಸ್ತಕಗಳನ್ನೇ ಬಿಡುವಾದಾಗ ಓದುತ್ತಿದ್ದರು. ಬ್ರಿಟಾನಿಕಾ ವಿಶ್ವಕೋಶದ ವಿದ್ಯುತ್ ಲೇಖನ ಅವರ ಕೈಗೆ ಸಿಕ್ಕಿದ್ದು ಹೀಗೆ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಫ್ಯಾರಡೆ ನಾಲ್ಕು ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ಸುಮಾರು 300 ಪುಟಗಳಿಗೆ ಬೆಳೆಸಿ, ತಾವೇ ರಟ್ಟು ಕಟ್ಟಿ ಡೇವಿಯವರಿಗೆ ಕಳಿಸಿದರು. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಅದೇ ವರ್ಷ ಡೇವಿ ದಂಪತಿಯ ಜೊತೆ ಯುರೋಪ್ ಪ್ರವಾಸ ಹೊರಟಾಗ ಡೇವಿಯವರ ಹೆಂಡತಿ ಅವರನ್ನು ಆಳಿನಂತೆ ನಡೆಸಿಕೊಂಡರು. ಅವಮಾನ ನುಂಗಿಕೊಂಡು ಆ ಪ್ರವಾಸದಲ್ಲಿ ಅವರು ಕಲಿತದ್ದು ಯಾವ ಕಾಲೇಜಿಗೂ ಕಡಿಮೆಯಿಲ್ಲ ಎಂದು ನನಗನಿಸುತ್ತದೆ.

ಉನ್ನತ ಗಣಿತ ಅವರಿಗೆ ಕೊನೆಯವರೆಗೂ ಬರಲಿಲ್ಲ. ಬಂದದ್ದು ಕೈಯಿಂದ ಮಾಡಿ ನೋಡುವುದು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಕಡೆ ತಂತಿ ಸುತ್ತಿದರು. ಒಂದು ಸುತ್ತಿಗೆ ಬ್ಯಾಟರಿ ಹಾಕಿದ ಕ್ಷಣ, ತೆಗೆದ ಕ್ಷಣ ಮಾತ್ರ ಇನ್ನೊಂದು ಸುತ್ತಿನ ಮುಳ್ಳು ಅಲುಗಿತು, ನಡುವೆ ಸುಮ್ಮನಿತ್ತು. ಬದಲಾವಣೆ ಇದ್ದಾಗಲೇ ಪಕ್ಕದ ತಂತಿಗೆ ವಿದ್ಯುತ್ ದಾಟುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತಿನ ಮೂಲವೂ ಇದೇ ತತ್ವ.

ನಮ್ಮ ಪಠ್ಯದಲ್ಲಿ ಒಂದೆರಡು ಸಾಲಿಗೆ ಮುಗಿಯುವ ಇನ್ನೊಂದು ಪ್ರಯೋಗ 1836ರದ್ದು. 12 ಅಡಿ ಉದ್ದ, ಅಗಲ, ಎತ್ತರದ ಮರದ ಚೌಕಟ್ಟು ಕಟ್ಟಿಸಿ, ತಾಮ್ರದ ತಂತಿ, ಕಾಗದ, ತವರದ ಹಾಳೆಗಳಿಂದ ಸುತ್ತ ಮುಚ್ಚಿ, ನೆಲಕ್ಕೆ ತಾಗದಂತೆ ಇರಿಸಿದರು. ಮೇಣದ ಬತ್ತಿ, ಅಳೆಯುವ ಉಪಕರಣ ಹಿಡಿದು ತಾವೇ ಒಳಗೆ ಹೋಗಿ ಕುಳಿತರು. ಹೊರಗೆ ದೊಡ್ಡ ಯಂತ್ರದಿಂದ ವಿದ್ಯುತ್ ತುಂಬಿಸಿದಾಗ ಗೋಡೆಗಳಿಂದ ಕಿಡಿ ಹಾರುತ್ತಿತ್ತು. ಒಳಗಿನ ಉಪಕರಣಕ್ಕೆ ಅದರ ಸುಳಿವೇ ಇಲ್ಲ!

ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ತಲೆ ಎತ್ತಿದರೆ 25,000 ವೋಲ್ಟಿನ ತಂತಿ ಕಾಣುತ್ತದೆ. ಹಳಿಯ ಪಕ್ಕದ ಸಿಗ್ನಲ್ ಕೇಬಲ್‌ಗಳನ್ನು ಅದರ ಪ್ರಭಾವ ಲೆಕ್ಕಕ್ಕೆ ಹಿಡಿದೇ ಹಾಕಬೇಕು. ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್‌ನಲ್ಲೂ ಇದೇ ಕಥೆ. ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಹಾಕಿ ತೆಗೆಯುತ್ತಿರುತ್ತದೆ. ಪಕ್ಕದಲ್ಲೇ ಸೆನ್ಸರ್ ಕೇಬಲ್, ಅದರಲ್ಲಿ ಬರೀ 4ರಿಂದ 20 ಮಿಲಿಆಂಪಿಯರ್. ಗದ್ದಲ ಅದರೊಳಗೆ ನುಗ್ಗಿದರೆ ಮೀಟರ್ ಸುಳ್ಳು ಹೇಳುತ್ತದೆ, ಯಂತ್ರ ಕಾರಣವಿಲ್ಲದೆ ನಿಲ್ಲುತ್ತದೆ. ಅದಕ್ಕೇ ಕೇಬಲ್ಲಿನ ಸುತ್ತ ತಾಮ್ರದ ಹೆಣಿಗೆ, ಅಂದರೆ ಶೀಲ್ಡ್. ಫ್ಯಾರಡೆಯವರ ಪೆಟ್ಟಿಗೆಯನ್ನು ಅಂಗಿಯ ತೋಳಿನಂತೆ ಉದ್ದ ಎಳೆದರೆ ಇದೇ ಆಗುತ್ತದೆ.

ಆದರೆ ಪೆಟ್ಟಿಗೆ ಎಲ್ಲ ಕಡೆ ಮುಚ್ಚಿತ್ತು, ಈ ತೋಳಿಗೆ ಎರಡೂ ತುದಿ ತೆರೆದಿದೆ. ಶೀಲ್ಡ್ ಹಿಡಿದ ಗದ್ದಲಕ್ಕೆ ಅರ್ಥಿಂಗ್‌ಗೆ ದಾರಿ ಕೊಡದಿದ್ದರೆ ಅದು ಒಳಗಿನ ತಂತಿಗೇ ದಾಟುತ್ತದೆ. ಹೆಣಿಗೆಯನ್ನು ಬಿಚ್ಚಿ ಜಡೆಯಂತೆ ಉದ್ದಕ್ಕೆ ಹೊಸೆದು ಟರ್ಮಿನಲ್‌ಗೆ ಕಟ್ಟಿದರೆ ನೋಡಲು ಸರಿಯಾಗಿಯೇ ಕಾಣುತ್ತದೆ. ವೇಗವಾಗಿ ಬದಲಾಗುವ ವಿದ್ಯುತ್ತಿಗೆ ಮಾತ್ರ ಆ ಉದ್ದ ಜಡೆಯೇ ಅಡ್ಡಿ, 1831ರ ಅವರದೇ ನಿಯಮದ ಪ್ರಕಾರ! ಬಲ್ಲ ಕೆಲಸಗಾರರು ಕೇಬಲ್ ಪ್ಯಾನೆಲ್ಲಿಗೆ ಬರುವ ಜಾಗದಲ್ಲೇ ಹೊರಸಿಪ್ಪೆಯನ್ನು ಸ್ವಲ್ಪ ಸುಲಿದು, ಶೀಲ್ಡ್ ಸುತ್ತಲೂ ಕೂರುವಂತೆ ಲೋಹದ ಕ್ಲ್ಯಾಂಪ್ ಹಾಕಿ, ಬಣ್ಣವಿಲ್ಲದ ಅರ್ಥ್ ಪಟ್ಟಿಗೆ ಬಿಗಿಯುತ್ತಾರೆ. ನಿಧಾನವಾಗಿ ಬದಲಾಗುವ ಸೆನ್ಸರ್ ಸಿಗ್ನಲ್ ಆದರೆ ಸಾಮಾನ್ಯವಾಗಿ ಪ್ಯಾನೆಲ್ ಕಡೆ ಮಾತ್ರ ಅರ್ಥ್. ಎರಡೂ ಕಡೆಯ ಅರ್ಥ್ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ ಶೀಲ್ಡಿನಲ್ಲೇ ವಿದ್ಯುತ್ ಹರಿಯುತ್ತದೆ. ಡ್ರೈವ್‌ನಿಂದ ಮೋಟಾರಿಗೆ ಹೋಗುವ ಕೇಬಲ್ಲಿಗೆ ಎರಡೂ ಕಡೆ ಬೇಕು.

ಫ್ಯಾರಡೆ ಕೇಬಲ್ ಕಡೆಗೂ ಬಂದರು. ನೆಲದಡಿಯ, ನೀರಿನಡಿಯ ಟೆಲಿಗ್ರಾಫ್ ತಂತಿಗಳಲ್ಲಿ ಸಂದೇಶ ಏಕೆ ತಡವಾಗುತ್ತದೆ ಎಂಬುದನ್ನು 1854ರಲ್ಲಿ ವಿವರಿಸಿದರು: ಉದ್ದದ ಕೇಬಲ್ಲೇ ಒಂದು ದೊಡ್ಡ ಕೆಪಾಸಿಟರ್. ಕೆಪಾಸಿಟರ್ ಅಳೆಯುವ ಫ್ಯಾರಡ್ ಅವರದೇ ಹೆಸರು.

ಸರ್ ಪದವಿ ಬೇಡವೆಂದರು, ರಾಯಲ್ ಸೊಸೈಟಿಯ ಅಧ್ಯಕ್ಷತೆ ಎರಡು ಸಲ ಬೇಡವೆಂದರು. ಕೊನೆಯ ವರ್ಷಗಳಲ್ಲಿ ನೆನಪು ಕೈಕೊಟ್ಟಿತು. 1867ರ ಆಗಸ್ಟ್ 25ರಂದು ತೀರಿಕೊಂಡರು. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಪತ್ನಿ ಸಾರಾ ಅವರನ್ನೂ ನಂತರ ಅಲ್ಲೇ ಮಣ್ಣು ಮಾಡಿದರು. ಕಲ್ಲಿನ ಮೇಲೆ ಬಿರುದು ಬಾವಲಿ ಏನೂ ಇಲ್ಲ.