ಮನೆಯಲ್ಲಿ ತಮಿಳು, ಬರಹದಲ್ಲಿ ಕನ್ನಡ: ನೆರೆಯೂರಿನ ಮಾಸ್ತಿಯವರು



ಜೂನ್ 6 ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಹುಟ್ಟಿದ ದಿನ. ತೀರಿಕೊಂಡದ್ದೂ ಅದೇ ದಿನ. ಈ ವರ್ಷ ಆ ದಿನವನ್ನು ಮೂಕಂಡಪಲ್ಲಿಯಲ್ಲಿ ಆಚರಿಸೋಣವೆಂದು ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಾವು ಪ್ರಸ್ತಾಪ ಇಟ್ಟಾಗ ಹಿರಿಯ ಸದಸ್ಯರೊಬ್ಬರು ಆಕ್ಷೇಪ ಎತ್ತಿದರು. ತಮಿಳುನಾಡಿನಲ್ಲಿ ಕುಳಿತು ಕನ್ನಡ ಉಳಿಸಿಕೊಳ್ಳಲು ಒದ್ದಾಡುತ್ತಿರುವವರು ನಾವು, ಮನೆಯಲ್ಲಿ ತಮಿಳು ಮಾತಾಡುತ್ತಿದ್ದವರ ಜಯಂತಿಯನ್ನೇ ಏಕೆ ಮಾಡಬೇಕು, ಕುವೆಂಪು ಇಲ್ಲವೇ, ಬೇಂದ್ರೆ ಇಲ್ಲವೇ ಎಂಬುದು ಅವರ ಪ್ರಶ್ನೆ. ಬೇಂದ್ರೆಯವರ ಮನೆಮಾತು ಮರಾಠಿ ಎಂದು ಆಗಲೇ ಹೇಳಬಹುದಿತ್ತು. ಸಭೆಯಲ್ಲಿ ಹೊಳೆಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು.

ಪ್ರಶ್ನೆ ಮಾತ್ರ ಸಣ್ಣದಲ್ಲ. ಆದ್ದರಿಂದ ಮಾಸ್ತಿಯವರ ಜೀವನವನ್ನು ನಮಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇವೆ. ಓದಿ ಸದಸ್ಯರೇ ತೀರ್ಮಾನಿಸಲಿ.

ಮಾಸ್ತಿ ಎಂಬುದು ಅವರ ಹೆಸರಲ್ಲ, ಊರಿನ ಹೆಸರು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿಗೆ ಸೇರಿದ್ದು. ಬಾಗಲೂರು, ಬೇರಿಕೆ ಕಡೆಯ ನಮ್ಮ ಸದಸ್ಯರಿಗೆ ಅದು ದೂರದ ಊರೇನಲ್ಲ, ಗಡಿ ದಾಟಿದರೆ ಆಯಿತು. ಅವರು ಹುಟ್ಟಿದ್ದು 1891ರಲ್ಲಿ, ಅದೇ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ತಂದೆ ರಾಮಸ್ವಾಮಿ ಅಯ್ಯಂಗಾರ್, ತಾಯಿ ತಿರುಮಲಮ್ಮ. ಆಗ ಮಾಲೂರು ಮೈಸೂರು ಸಂಸ್ಥಾನದಲ್ಲಿತ್ತು, ನಮ್ಮ ಹೊಸೂರು ಮದರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು. ಗಡಿ ಆಗಲೂ ಇತ್ತು. ಆದರೆ ಸಂತೆಗೆ, ಜಾತ್ರೆಗೆ, ಹೆಣ್ಣು ತರುವುದಕ್ಕೆ, ಕೊಡುವುದಕ್ಕೆ ಯಾರೂ ಅದನ್ನು ನೋಡುತ್ತಿರಲಿಲ್ಲ.

ಮನೆತನ ಹಿಂದೆ ಚೆನ್ನಾಗಿ ಬಾಳಿದ್ದು, ಇವರ ಕಾಲಕ್ಕೆ ಕೈ ಬರಿದಾಗಿತ್ತು. ಹುಡುಗ ನೆಂಟರ ಮನೆಗಳಲ್ಲಿ ಇದ್ದು, ಊರಿಂದೂರಿಗೆ ಶಾಲೆ ಬದಲಿಸಿ, ವಿದ್ಯಾರ್ಥಿವೇತನದ ನೆರವಿನಿಂದ ಓದಿದ. ಶಿವಾರಪಟ್ಟಣ, ಮಳವಳ್ಳಿ, ಕೃಷ್ಣರಾಜಪೇಟೆ, ಮೈಸೂರು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮನೆಯೊಳಗೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನು 1914ರಲ್ಲಿ ಪಡೆದದ್ದು ಮದರಾಸು ವಿಶ್ವವಿದ್ಯಾನಿಲಯದಿಂದ.

ಇಲ್ಲಿ ನಮ್ಮ ಊರಿನ ಒಂದು ಮಾತು ಸೇರಿಸಬೇಕು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಓದಿದ್ದೂ ಅದೇ ಸೆಂಟ್ರಲ್ ಕಾಲೇಜಿನಲ್ಲಿ. ಅವರೂ ಅಯ್ಯಂಗಾರರೇ. ಅವರು ಗಡಿ ದಾಟಿ ಬೆಂಗಳೂರಿಗೆ ಓದಲು ಹೋಗಿ, ಹಿಂದಿರುಗಿ ಬಂದು ತಮಿಳಿನ ಲೇಖಕರಾದರು. ರಾಮಾಯಣವನ್ನು ತಮಿಳಿನಲ್ಲಿ ಹೇಳಿ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮಾಸ್ತಿಯವರು ಗಡಿಯ ಆ ಕಡೆ ಉಳಿದು ಕನ್ನಡದ ಲೇಖಕರಾದರು, ಅವರೂ ರಾಮಾಯಣವನ್ನು ಶ್ರೀರಾಮ ಪಟ್ಟಾಭಿಷೇಕ ಎಂಬ ಕಾವ್ಯವಾಗಿ ಬರೆದರು. ಒಂದೇ ಮನೆಮಾತಿನ ಇಬ್ಬರು, ಒಂದು ದಿನದ ಎತ್ತಿನ ಗಾಡಿ ದಾರಿಯ ಊರುಗಳವರು, ಎರಡು ಭಾಷೆಗೆ ಹೋದರು. ಯಾರು ಯಾರಿಗೆ ದ್ರೋಹ ಮಾಡಿದರು ಎಂದು ಲೆಕ್ಕ ಹಾಕಲು ಹೊರಟರೆ ನಮಗಂತೂ ಬಗೆಹರಿಯುವುದಿಲ್ಲ.

ಮಾಸ್ತಿಯವರು ಮೊದಲ ಕತೆ ರಂಗನ ಮದುವೆ ಬರೆದದ್ದು 1910ರ ಸುಮಾರಿಗೆ, ಹತ್ತೊಂಬತ್ತರ ಹುಡುಗನಾಗಿದ್ದಾಗ. ಆಗ ಕನ್ನಡದಲ್ಲಿ ಸಣ್ಣಕತೆ ಎಂಬುದು ಇನ್ನೂ ಕಣ್ಣುಬಿಡುತ್ತಿತ್ತು. ಇಂಗ್ಲಿಷ್ ಓದಿದವರು ಇಂಗ್ಲಿಷಿನಲ್ಲೇ ಬರೆದರೆ ಗೌರವ ಎಂದು ತಿಳಿದಿದ್ದ ಕಾಲ. ಆ ಕತೆಯ ವಿಷಯವೂ ಅದೇ. ಇಂಗ್ಲಿಷ್ ಕಲಿಯಲು ಬೆಂಗಳೂರಿಗೆ ಹೋಗಿದ್ದ ರಂಗ ಹಳ್ಳಿಗೆ ಬರುತ್ತಾನೆ, ಏನಾಗಿದ್ದಾನೋ ನೋಡೋಣವೆಂದು ಊರೇ ಅವನ ಮನೆ ಮುಂದೆ ಸೇರುತ್ತದೆ. ಜನಿವಾರ ಇದೆಯೋ ಇಲ್ಲವೋ ಎಂದು ಒಬ್ಬಾಕೆ ಎದೆ ಮುಟ್ಟಿ ನೋಡುತ್ತಾಳೆ. ಇದೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಸಮಾಧಾನ. ಓದಿಬಂದ ಹುಡುಗ ನಮ್ಮವನಾಗಿಯೇ ಉಳಿದನೇ ಎಂಬ ಈ ತಳಮಳ ನಮ್ಮ ಗಡಿಯೂರುಗಳಲ್ಲಿ ಇವತ್ತಿಗೂ ಇದೆ. ನಾವು ಮುಟ್ಟಿ ನೋಡುವುದು ಜನಿವಾರವನ್ನಲ್ಲ, ಅಷ್ಟೆ.

ಶ್ರೀನಿವಾಸ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಕೆಲವು ಸಣ್ಣ ಕಥೆಗಳು ಎಂಬ ಮೊದಲ ಸಂಕಲನ 1920ರಲ್ಲಿ ಬಂತು. ಆಮೇಲೆ ಸುಬ್ಬಣ್ಣ ಎಂಬ ನೀಳ್ಗತೆ, ಬಿನ್ನಹದಂಥ ಕವಿತೆಗಳು, ಯಶೋಧರಾ, ಕಾಕನಕೋಟೆ ನಾಟಕಗಳು, ಶೇಕ್ಸ್‌ಪಿಯರನ ಅನುವಾದಗಳು. ಒಟ್ಟು ಪುಸ್ತಕಗಳು ನೂರನ್ನು ದಾಟುತ್ತವೆ. ಟಾಲ್ಸ್‌ಟಾಯ್, ಗಯಟೆ ಇವರ ಕೊನೆಗಾಲವನ್ನೂ ಕತೆ ಮಾಡಿದರು. ಆದರೆ ನಮ್ಮನ್ನು ಕೇಳಿದರೆ ಅವರ ಶಕ್ತಿ ಇರುವುದು ದೊಡ್ಡವರ ಕತೆಯಲ್ಲಲ್ಲ, ಮೊಸರು ಮಾರುವವರ ಕತೆಯಲ್ಲಿ.

ಮೊಸರಿನ ಮಂಗಮ್ಮ ಗೊತ್ತಿರದ ಸದಸ್ಯರಿಗಾಗಿ ಹೇಳುತ್ತೇವೆ. ಬೆಂಗಳೂರಿನ ಹತ್ತಿರದ ಹಳ್ಳಿಯಿಂದ ದಿನಾ ಮೊಸರು ತಂದು ಮಾರುವ ಹೆಂಗಸು ಮಂಗಮ್ಮ. ಸೊಸೆ ತನ್ನ ಮಗುವನ್ನು ಹೊಡೆದಳೆಂದು ಅತ್ತೆ ಜಗಳ ತೆಗೆಯುತ್ತಾಳೆ, ಮಗ ಹೆಂಡತಿಯ ಪರ ನಿಲ್ಲುತ್ತಾನೆ, ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಕೊನೆಗೆ ಆ ಮೊಮ್ಮಗನೇ ಅಜ್ಜಿಯ ಹತ್ತಿರ ಬಂದುಬಿಡುತ್ತಾನೆ, ಮನೆ ಮತ್ತೆ ಒಂದಾಗುತ್ತದೆ. ಕತೆ ಇಷ್ಟೇ. ಮೊಸರು ಕೊಳ್ಳುವ ಮನೆಯ ಗೃಹಿಣಿ, ಮಂಗಮ್ಮ ಬಂದು ಕೂತು ಹೇಳಿದ್ದನ್ನು ನಮಗೆ ಹೇಳುತ್ತಾಳೆ. ಮಗನ ಮೇಲೆ ಹಕ್ಕು ತಾಯಿಗೋ ಹೆಂಡತಿಗೋ ಎಂಬುದು ಅಲ್ಲಿನ ಪ್ರಶ್ನೆ. ಅತ್ತೆಯದೂ ನ್ಯಾಯ, ಸೊಸೆಯದೂ ನ್ಯಾಯ ಎಂದು ಓದುವವರಿಗೆ ಅನ್ನಿಸುವ ಹಾಗೆ ಬರೆದಿದ್ದಾರೆ. ಬೆಳಗಿನ ಬಸ್ಸಿನಲ್ಲಿ ಹೂವು, ಸೊಪ್ಪು ಹೊತ್ತು ಹೊಸೂರಿಗೆ ಬರುವ ಹೆಂಗಸರ ಮಾತು ಕೇಳಿ ನೋಡಿ, ಮಂಗಮ್ಮ ಅಲ್ಲೇ ಕೂತಿರುತ್ತಾಳೆ. ಅವಳು ಆಡುವುದು ಕನ್ನಡವೋ ತೆಲುಗೋ ತಮಿಳೋ ಎಂಬುದು ಸೊಪ್ಪು ಕೊಳ್ಳುವವರನ್ನು ನೋಡಿಕೊಂಡು ಬದಲಾಗುತ್ತದೆ.

ಇದನ್ನೆಲ್ಲ ಬರೆದದ್ದು ಯಾವಾಗ ಎಂಬುದು ಕಚೇರಿ ಕೆಲಸ ಮಾಡಿದ ನಮ್ಮಂಥವರಿಗೆ ದೊಡ್ಡ ಆಶ್ಚರ್ಯ. ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಪಾಸಾಗಿ ಅಸಿಸ್ಟೆಂಟ್ ಕಮಿಷನರ್ ಆಗಿ ಸೇರಿ, ಸಂಸ್ಥಾನದ ನಾನಾ ಜಿಲ್ಲೆಗಳಲ್ಲಿ ದುಡಿದು, ಜಿಲ್ಲಾಧಿಕಾರಿ ದರ್ಜೆಗೆ ಏರಿದವರು. ಹಗಲೆಲ್ಲ ಕಂದಾಯ, ತಕರಾರು, ತನಿಖೆ, ಕ್ಯಾಂಪು. ಕಡತಗಳೆಲ್ಲ ಇಂಗ್ಲಿಷಿನಲ್ಲಿ. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನಮಗೆ ಸಂಜೆ ಮನೆಗೆ ಬಂದರೆ ಪತ್ರಿಕೆ ಓದುವುದೂ ಸಾಕಾಗಿಹೋಗುತ್ತಿತ್ತು. ಅವರು ವರ್ಗಾವಣೆಯಾದ ಊರುಗಳನ್ನೇ ಕತೆಯ ಕಣಜ ಮಾಡಿಕೊಂಡರು. ಮನೆಯಲ್ಲಿ ಹೆಂಡತಿ ಪಂಕಜಮ್ಮ, ಆರು ಜನ ಹೆಣ್ಣುಮಕ್ಕಳು. ಬಿಡುವು ಇದ್ದವರೇ ಸಾಹಿತ್ಯ ಮಾಡಬೇಕು ಎನ್ನುವವರಿಗೆ ಇದನ್ನು ತೋರಿಸಬಹುದು.

1929ರಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕರೆದರು. ಆಗ ಅವರಿಗೆ ಮೂವತ್ತೆಂಟು ವರ್ಷ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು, ಅದೂ ಗಡಿಯೂರೇ. ತಮಿಳು ಮನೆಮಾತಿನ ಮೈಸೂರಿನವರನ್ನು ಅಲ್ಲಿನ ಕನ್ನಡಿಗರು ತಮ್ಮ ಸಮ್ಮೇಳನದ ಪೀಠದಲ್ಲಿ ಕೂರಿಸಿದರು. ನಮ್ಮ ಸಮಿತಿಯಲ್ಲಿ ಎದ್ದ ಆಕ್ಷೇಪ ಅಂದು ಅಡ್ಡ ಬಂದಿದ್ದರೆ ಆ ಪೀಠ ಅವರಿಗೆ ಸಿಗುತ್ತಿರಲಿಲ್ಲ.

ಮಹಾರಾಜರಿಂದ ರಾಜಸೇವಾಸಕ್ತ ಎಂಬ ಬಿರುದೂ ಬಂತು. ಆದರೆ ರಾಜಸೇವೆ ಮುಗಿದ ಬಗೆ ಬೇರೆ. ಮಂತ್ರಿ ದರ್ಜೆಗೆ ಸಮನಾದ ಹುದ್ದೆ ತಮಗೆ ಬರಬೇಕಾಗಿದ್ದಾಗ ತಮಗಿಂತ ಕಿರಿಯರೊಬ್ಬರನ್ನು ಮೇಲಕ್ಕೆ ಏರಿಸಿದರು. ಮಾಸ್ತಿಯವರು 1943ರಲ್ಲಿ ರಾಜೀನಾಮೆ ಕೊಟ್ಟರು. ಐವತ್ತೆರಡು ವರ್ಷ, ದೊಡ್ಡ ಸಂಸಾರ, ಯುದ್ಧಕಾಲದ ಬೆಲೆ ಏರಿಕೆ. ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಕೆಳಗಿಳಿದಾಗ ಎದೆಯಲ್ಲಿ ಏನಾಗುತ್ತದೆ ಎಂಬುದು ಸರ್ಕಾರಿ ಕೆಲಸದಲ್ಲಿದ್ದ ನಮ್ಮ ಸದಸ್ಯರಿಗೆಲ್ಲ ಗೊತ್ತು. ನಾವು ಹೆಚ್ಚಿನವರು ಒಂದು ಅರ್ಜಿ ಬರೆದು, ಇನ್ನೊಂದು ಜ್ಞಾಪನ ಬರೆದು, ಪಿಂಚಣಿಯನ್ನು ನೆನೆದು ಸುಮ್ಮನಾದೆವು. ಅವರು ಎದ್ದು ಹೊರಟುಬಿಟ್ಟರು.

ಹೊರಟವರು ಮನೆಯಲ್ಲಿ ಕೂರಲಿಲ್ಲ. ಜೀವನ ಎಂಬ ಮಾಸಪತ್ರಿಕೆಯ ಹೊಣೆ ಹೊತ್ತು, 1944ರಿಂದ 1965ರವರೆಗೆ ನಡೆಸಿದರು. ತಮ್ಮ ಪುಸ್ತಕಗಳನ್ನು ಜೀವನ ಕಾರ್ಯಾಲಯದಿಂದ ತಾವೇ ಅಚ್ಚು ಹಾಕಿಸಿದರು. ಕನ್ನಡ ಮಾಸಪತ್ರಿಕೆ ಎಂದರೆ ಚಂದಾ ಬಾಕಿ, ಕಾಗದದ ಖರ್ಚು, ಅಂಚೆ ವೆಚ್ಚ. ನಾಲ್ಕು ಪುಟದ ನಮ್ಮ ವಾರ್ತಾಪತ್ರ ಕಾಗದದಲ್ಲಿ ಬರುತ್ತಿದ್ದ ದಿನಗಳಲ್ಲಿ ಮೂರು ಸಂಚಿಕೆಗೆ ನಾವು ಸುಸ್ತಾಗಿದ್ದೆವು. ಬೇಂದ್ರೆ, ಗೋಕಾಕ, ರಾಜರತ್ನಂ ಮೊದಲಾದ ಕಿರಿಯರಿಗೆ ಅವರು ಹಿರಿಯಣ್ಣನಂತೆ ಬೆನ್ನಿಗೆ ನಿಂತರು. ತಮ್ಮದಕ್ಕಿಂತ ಬೇರೆಯವರ ಕವಿತೆ ಮೇಲು ಎಂದು ಒಪ್ಪಿಕೊಳ್ಳುವುದು ಬರೆಯುವವರಿಗೆ ಸುಲಭವಲ್ಲ. ಅವರ ಹೆಸರಿಗೆ ಪ್ರಾಸ ಕೂಡಿಸಿ ಕನ್ನಡದ ಆಸ್ತಿ ಎಂದು ಜನ ಕರೆದದ್ದು ಬರೆದ ಪುಸ್ತಕಗಳಿಗಾಗಿ ಮಾತ್ರವಲ್ಲ, ಹೀಗೆ ಬೆಳೆಸಿದ್ದಕ್ಕಾಗಿಯೂ ಇರಬೇಕು.

ಬೆಂಗಳೂರಿನ ಗವಿಪುರದಲ್ಲಿ ಮನೆ. ಸಂಜೆ ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗಿ ಇಸ್ಪೀಟು ಆಡುವುದು ಅವರ ರೂಢಿ. ಇಷ್ಟು ದೊಡ್ಡವರು ಇಸ್ಪೀಟು ಆಡುತ್ತಿದ್ದರೆಂದು ತಿಳಿದು ನಮ್ಮ ಕೆಲವು ಸದಸ್ಯರಿಗೆ ಧೈರ್ಯ ಬಂದೀತು!

ದೊಡ್ಡ ಕಾದಂಬರಿಗಳು ಎರಡು. ಬಿದನೂರು ಸಂಸ್ಥಾನದ ಪತನದ ಚೆನ್ನಬಸವನಾಯಕ, ಕೊಡಗಿನ ಕೊನೆಯ ರಾಜನ ಚಿಕವೀರ ರಾಜೇಂದ್ರ. ಕೊಡಗನ್ನು ಕಂಪನಿ ಸರ್ಕಾರ ವಶಪಡಿಸಿಕೊಂಡದ್ದು 1834ರಲ್ಲಿ, ಕಾದಂಬರಿ ಬಂದದ್ದು 1956ರಲ್ಲಿ. ರಾಜ ಕ್ರೂರಿ, ಕುಡುಕ. ಅವನ ಜೊತೆಗೆ ಕುಂಟ ಬಸವ, ಎಲ್ಲವನ್ನೂ ಸಹಿಸುವ ರಾಣಿ ಗೌರಮ್ಮ. ರಾಜ್ಯ ಹೊರಗಿನವರ ಬಲದಿಂದಷ್ಟೇ ಹೋಗಲಿಲ್ಲ, ಒಳಗಿನವರ ನಡತೆಯಿಂದ ಹೋಯಿತು ಎಂಬುದನ್ನು ಅಧಿಕಾರ ಹತ್ತಿರದಿಂದ ಕಂಡವರು ಮಾತ್ರ ಹೀಗೆ ಬರೆಯಬಲ್ಲರು. ಓದಲು ತಾಳ್ಮೆ ಬೇಕು, ಮುಚ್ಚುಮರೆ ಏಕೆ, ನಡುವೆ ನಾವು ಎರಡು ಸಲ ನಿಲ್ಲಿಸಿದ್ದೇವೆ. ಕೆಡುಕರ ಬಗ್ಗೆಯೂ ಮಾಸ್ತಿಯವರಿಗೆ ಕೋಪ ಬರುವುದಿಲ್ಲ, ಆ ಶಾಂತಿ ಇಂದಿನ ಹುಡುಗರಿಗೆ ಸಪ್ಪೆ ಎನಿಸಬಹುದು.

ಈ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ಅದು ನಾಲ್ಕನೆಯದು. ಅದಕ್ಕೂ ಮೊದಲೇ 1968ರಲ್ಲಿ ಸಣ್ಣಕತೆಗಳಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಭಾವ ಎಂಬ ಆತ್ಮಕಥೆಯನ್ನು ಮೂರು ಸಂಪುಟ ಬರೆದರು. 1986ರ ಜೂನ್ 6ರಂದು, ತೊಂಬತ್ತೈದು ತುಂಬಿದ ದಿನ, ತೀರಿಕೊಂಡರು. ಮಾಸ್ತಿ ಗ್ರಾಮದ ಅವರ ಮನೆ ಈಗ ಗ್ರಂಥಾಲಯವಾಗಿದೆ.

ಇನ್ನು ಆಕ್ಷೇಪದ ವಿಷಯ. ಮನೆಮಾತು ಒಂದು, ಬರೆಯುವ ಭಾಷೆ ಇನ್ನೊಂದು ಎಂಬುದು ಲೋಕದಲ್ಲಿ ಹೊಸದಲ್ಲ. ಪೋಲಿಷ್ ಮನೆಮಾತಿನ ಜೋಸೆಫ್ ಕಾನ್ರಾಡ್ ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಾದರು. ಕನ್ನಡದಲ್ಲೇ ಕೈಲಾಸಂ, ರಾಜರತ್ನಂ ಇಬ್ಬರ ಮನೆಮಾತೂ ತಮಿಳು. ಇದನ್ನು ಹೇಳಿದರೆ ಆಕ್ಷೇಪಿಸಿದ ಹಿರಿಯರ ಬಾಯಿ ಮುಚ್ಚಿಸಬಹುದು. ಆದರೆ ಅವರ ಅಳುಕು ಬೇರೆ ಕಡೆ ಇದೆ, ಅದು ನಮಗೂ ಇದೆ. ತಮಿಳು ಕಲಿಕೆ ಕಾಯ್ದೆ 2006ರಲ್ಲಿ ಬಂದಂದಿನಿಂದ ಇಲ್ಲಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಮೊದಲ್ಗೊಂಡು ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ನಮ್ಮ ಮಕ್ಕಳದು ಮಾಸ್ತಿಯವರ ಕತೆಯನ್ನು ತಿರುವಿಹಾಕಿದಂತೆ: ಮನೆಯಲ್ಲಿ ಕನ್ನಡ, ಬರಹದಲ್ಲಿ ತಮಿಳು. ಹೋದ ವರ್ಷ ನಮ್ಮ ಮೊಮ್ಮಗಳು ಶಾಲೆಯಲ್ಲಿ ತಮಿಳಿನಲ್ಲಿ ಕತೆ ಬರೆದು ಬಹುಮಾನ ತಂದಳು. ಅಜ್ಜಿಯ ಮೇಲಿನ ಕತೆ. ಸಂತೋಷವಾಯಿತು, ಒಳಗೆ ಎಲ್ಲೋ ಚುಳ್ ಎಂದೂ ಅನ್ನಿಸಿತು. ಮಾಸ್ತಿಯವರ ಮನೆಯ ಹಿರಿಯರಿಗೂ ಹೀಗೆ ಅನ್ನಿಸಿತ್ತೋ ಏನೋ. ಅವಳಿಗೆ ಕತೆ ಹೇಳುವುದು ಬಂದಿದ್ದು ಮನೆಯ ಕನ್ನಡದಿಂದಲೇ ಎಂದು ಅವಳ ಅಜ್ಜಿ ವಾದಿಸುತ್ತಾರೆ. ನಾವು ಒಪ್ಪಿಕೊಂಡಿದ್ದೇವೆ, ಮನೆಯ ಶಾಂತಿಗಾಗಿ ಮಾತ್ರ ಅಲ್ಲ.

ಜೂನ್ 6ರ ಸಂಜೆ 5 ಗಂಟೆಗೆ ಸದಸ್ಯರು ಕುಟುಂಬ ಸಮೇತ ಬರಬೇಕು. ಮೊಸರಿನ ಮಂಗಮ್ಮ ಕತೆಯನ್ನು ಮಕ್ಕಳಿಂದ ಓದಿಸುತ್ತೇವೆ. ಕನ್ನಡ ಅಕ್ಷರ ಬಾರದ ಮಕ್ಕಳು ತಮಿಳು ಲಿಪಿಯಲ್ಲಿ ಬರೆದುಕೊಂಡು ಓದಿದರೂ ಆಗಬಹುದು, ಅದಕ್ಕೆ ಬೇಕಾದ ಪ್ರತಿಯನ್ನು ನಾವೇ ಬರೆದು ಇಟ್ಟಿದ್ದೇವೆ. ಮುಂದಿನ ಭಾನುವಾರ ಮಾಸ್ತಿ ಗ್ರಾಮಕ್ಕೆ ಹೋಗಿಬರುವ ವಿಚಾರವಿದೆ, ಒಂದು ವ್ಯಾನಿಗೆ ಆಗುವಷ್ಟು ಜನ ಹೆಸರು ಕೊಟ್ಟರೆ ಹೊರಡುವುದು. ಆಕ್ಷೇಪಿಸಿದ ಹಿರಿಯರಿಗೆ ಮುಂದಿನ ಸೀಟು ಹಿಡಿದಿಟ್ಟಿದ್ದೇವೆ. ಅವರು ಇನ್ನೂ ಒಪ್ಪಿಲ್ಲ.

— ಕಾರ್ಯದರ್ಶಿ