ರಾಬರ್ಟ್ ಮೆಕ್ಯಾರಿಸನ್

ದಾವಣಗೆರೆ, ಹರಿಹರಗಳ ಬಯಲು ಭತ್ತಕ್ಕೂ ಅಕ್ಕಿಯ ಗಿರಣಿಗಳಿಗೂ ಹೆಸರಾದುದು. ಅಕ್ಕಿ ಬೆಳ್ಳಗಿದ್ದಷ್ಟೂ ಕೊಳ್ಳುವವರಿಗೆ ಅಚ್ಚುಮೆಚ್ಚು. ಆದರೆ ತೌಡಿನೊಡನೆ ಅಕ್ಕಿಯ ಸತ್ತ್ವವೂ ಹೋಗುವುದೆಂದು ಎಚ್ಚರಿಸಿದವರಲ್ಲಿ ರಾಬರ್ಟ್ ಮೆಕ್ಯಾರಿಸನ್ ಪ್ರಮುಖರು.

1878ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಅವರು 1901ರಲ್ಲಿ ವೈದ್ಯರಾಗಿ ಭಾರತಕ್ಕೆ ಬಂದರು. ಕೆಲವು ವರ್ಷಗಳಲ್ಲಿ ಎತ್ತರದ ಪರ್ವತಗಳ ನಡುವಣ ಗಿಲ್ಗಿಟ್ ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿ ಗಳಗಂಡ ರೋಗ ವ್ಯಾಪಕವಾಗಿತ್ತು. ರೋಗಪೀಡಿತ ತಾಯಂದಿರ ಮಕ್ಕಳಲ್ಲಿ ಕೆಲವರು ಬೆಳವಣಿಗೆ ಕುಂಠಿತವಾಗಿ ಕುಬ್ಜರಾಗಿಯೇ ಉಳಿಯುತ್ತಿದ್ದರು. ಅವರ ಬುದ್ಧಿಯೂ ಅರಳುತ್ತಿರಲಿಲ್ಲ. ದೋಷವು ನೀರಿನಲ್ಲಿದೆಯೆಂದು ಶಂಕಿಸಿದ ಮೆಕ್ಯಾರಿಸನ್, ಆ ನೀರಿನ ಕಲ್ಮಶವನ್ನು ತಾವೂ ಕುಡಿದು, ಒಪ್ಪಿ ಮುಂದೆ ಬಂದವರಿಗೂ ಕುಡಿಸಿ ಪರೀಕ್ಷಿಸಿದರು. ಎಂಥ ಸಾಹಸ! ಕುಡಿದವರಲ್ಲಿ ಕೆಲವರ ಕೊರಳು ಊದಿತು. ರೋಗಾಣುವೇ ಕಾರಣವೆಂದು ಅವರು ಬಗೆದರು. ಅದು ಪೂರ್ಣಸತ್ಯವಾಗಿರಲಿಲ್ಲ. ಮಳೆಯೂ ಹಿಮವೂ ಬೆಟ್ಟದ ಮಣ್ಣಿನ ಅಯೋಡಿನ್ ಅಂಶವನ್ನು ತೊಳೆದೊಯ್ಯುವುದೇ ಮುಖ್ಯ ಕಾರಣವೆಂಬುದು ಮುಂದೆ ಸ್ಥಿರಪಟ್ಟಿತು. 1962ರಲ್ಲಿ ಭಾರತ ಸರ್ಕಾರವು ಗಳಗಂಡದ ನಿವಾರಣೆಗೆ ಅಯೋಡಿನ್ ಬೆರೆತ ಉಪ್ಪನ್ನೇ ಆಶ್ರಯಿಸಿತು.

1918ರಲ್ಲಿ ಮೆಕ್ಯಾರಿಸನ್ ನಮ್ಮ ನಾಡಿನ ಗಡಿಗೆ ಹೊಂದಿದ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದೇ ಕೊಠಡಿಯಲ್ಲಿ ಆಹಾರ ಸಂಶೋಧನೆಯನ್ನು ಆರಂಭಿಸಿದರು. 1923ರಲ್ಲಿ ಸರ್ಕಾರವು ಮಿತವ್ಯಯಕ್ಕಾಗಿ ಅದನ್ನು ನಿಲ್ಲಿಸಿತು. ಎರಡು ವರ್ಷಗಳ ಬಳಿಕ ಅದು ಮತ್ತೆ ಮುಂದುವರಿಯಿತು. ಅಲ್ಲಿ ಅವರು ಇಲಿಮರಿಗಳಿಗೆ ಭಾರತದ ಬೇರೆಬೇರೆ ಪ್ರಾಂತಗಳ ಊಟವನ್ನು ಉಣಿಸಿ ನೋಡಿದರು. ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಕಾಳು, ತರಕಾರಿಗಳನ್ನು ತಿಂದವು ಪುಷ್ಟವಾಗಿ ಬೆಳೆದವು. ತೌಡು ಕಳೆದ ಅಕ್ಕಿಯನ್ನೇ ಹೆಚ್ಚಾಗಿ ಉಂಡವು ಸೊರಗಿದವು. ಗೂಡು, ಗಾಳಿ, ಬೆಳಕು ಎಲ್ಲವೂ ಒಂದೇ. ಬೇರೆಯಾದುದು ಆಹಾರ ಮಾತ್ರ.

1935ರಲ್ಲಿ ನಿವೃತ್ತರಾದ ಅವರು 1960ರಲ್ಲಿ ಆಕ್ಸ್‌ಫರ್ಡಿನಲ್ಲಿ ನಿಧನರಾದರು. ಕೂನೂರಿನ ಆ ಪ್ರಯೋಗಶಾಲೆಯು ಅದಕ್ಕೆ ಮೊದಲೇ ಹೈದರಾಬಾದಿಗೆ ವರ್ಗವಾಗಿ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.