ನಪಾಸಾದ ಹುಡುಗನ ಕೈ ಹಿಡಿದವರು

ಫಲಿತಾಂಶದ ಹಿಂದಿನ ರಾತ್ರಿ ಎಲ್ಲ ಊರುಗಳಲ್ಲಿಯೂ ಒಂದೇ. ತಮಿಳುನಾಡಿನ ತೇನಿ ಜಿಲ್ಲೆಯ ತೇವಾರಂ, ಕಂಬಂ ಕಣಿವೆಯ ಕಡೆ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ಕುಟುಂಬಗಳಿವೆ. ಅಲ್ಲಿಯ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ. ನಾವು ಕನ್ನಡದಲ್ಲಿ ಓದುತ್ತೇವೆ. ಆದರೆ ನಪಾಸಾದರೆ ಮುಂದೇನು ಎಂಬ ಭಯ ಅವರಿಗೂ ನಮಗೂ ಒಂದೇ. ಅದೇ ತಮಿಳುನಾಡಿನಲ್ಲಿ ನೂರು ವರ್ಷಗಳಿಗೂ ಹಿಂದೆ ಈ ಭಯವನ್ನು ಉಂಡವರೊಬ್ಬರಿದ್ದರು. ಅವರೇ ಗಣಿತಜ್ಞ ಶ್ರೀನಿವಾಸ ರಾಮಾನುಜನ್.

ರಾಮಾನುಜನ್ನರು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದರು. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆಯಂಗಡಿಯ ಗುಮಾಸ್ತರು, ಬಡತನದ ಸಂಸಾರ. ಹುಡುಗನೋ ಬಹಳ ಜಾಣ. ಪ್ರಾಥಮಿಕ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗ. 1904ರಲ್ಲಿ ಪ್ರೌಢಶಾಲೆ ಮುಗಿಸುವಾಗ ಗಣಿತದ ಬಹುಮಾನ, ಕಾಲೇಜಿಗೆ ವಿದ್ಯಾರ್ಥಿವೇತನ. ಮನೆಯವರ ಆಸೆ ಎಷ್ಟಿದ್ದಿರಬೇಕು!

ಆದರೆ ಕಾಲೇಜಿನಲ್ಲಿ ಅವರಿಗೆ ಗಣಿತವೊಂದೇ ಬೇಕಾಯಿತು. ಇತರ ವಿಷಯಗಳಲ್ಲಿ ನಪಾಸಾದರು. ವಿದ್ಯಾರ್ಥಿವೇತನ ನಿಂತಿತು. 1905ರಲ್ಲಿ, ಹದಿನೇಳರ ಆ ಹುಡುಗ ಯಾರಿಗೂ ಹೇಳದೆ ಮನೆ ಬಿಟ್ಟು ವಿಶಾಖಪಟ್ಟಣದ ಕಡೆಗೆ ಹೊರಟುಹೋದನು. ಮಗನನ್ನು ಕಾಣದೆ ಮನೆಯವರು ಪಟ್ಟ ಪಾಡನ್ನು ನಾವು ಊಹಿಸಬಹುದು. ಪುಣ್ಯಕ್ಕೆ ಹುಡುಗ ಮರಳಿ ಬಂದನು. ಮುಂದೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು, ಅಲ್ಲಿಯೂ ಎಫ್.ಎ. ಪರೀಕ್ಷೆ ದಾಟಲಿಲ್ಲ. ಪದವಿಯಿಲ್ಲ, ಕೆಲಸವಿಲ್ಲ, ಮೇಲೆ ಅನಾರೋಗ್ಯ. ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು.

ಅವರ ಪ್ರತಿಭೆ ಆಗಲೂ ಇತ್ತು. ಆದರೆ ಪ್ರತಿಭೆಯೊಂದೇ ಅವರನ್ನು ಉಳಿಸಲಿಲ್ಲ. 1910ರಲ್ಲಿ ಅವರು ನೋಟ್‌ಬುಕ್ ಹಿಡಿದು ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಅವರಲ್ಲಿಗೆ ಗುಮಾಸ್ತೆಗಿರಿ ಕೇಳಲು ಹೋದರು. ಸಂಕೋಚ ಬಿಟ್ಟು ಕೇಳಿದ್ದೇ ಅವರ ಬಾಳಿನ ತಿರುವು. ಗಣಿತ ಬಲ್ಲ ಆ ಅಧಿಕಾರಿ ಅಂಕಪಟ್ಟಿಯನ್ನಲ್ಲ, ನೋಟ್‌ಬುಕ್ಕನ್ನು ನೋಡಿದರು. ಪರಿಚಯಪತ್ರ ಕೊಟ್ಟು ಮದರಾಸಿಗೆ ಕಳುಹಿಸಿದರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾಯರು ಮೊದಲು ಸಂಶಯಪಟ್ಟರೂ ಕೊನೆಗೆ ಒಪ್ಪಿ, ತಿಂಗಳಿಗೆ 25 ರೂಪಾಯಿ ಕೊಟ್ಟರು. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ 30 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಅಲ್ಲಿಯ ಹಿರಿಯ ಅಧಿಕಾರಿ ನಾರಾಯಣ ಅಯ್ಯರ್ ಸಂಜೆ ಹೊತ್ತು ಇವರೊಡನೆ ಸ್ಲೇಟು ಹಿಡಿದು ಕೂರುತ್ತಿದ್ದರು.

1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಪತ್ರ ಬರೆದರು. ಆ ಬಳಿಕ ಪದವಿಯಿಲ್ಲದಿದ್ದರೂ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿ ವೇತನ ನೀಡಿತು. 1914ರಲ್ಲಿ ಇಂಗ್ಲೆಂಡಿಗೆ ತೆರಳಿದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆದರೆ ಕಾಯಿಲೆ ಬಿಡಲಿಲ್ಲ. 1919ರಲ್ಲಿ ತಾಯ್ನಾಡಿಗೆ ಮರಳಿ, 1920ರ ಏಪ್ರಿಲ್ 26ರಂದು ಕೇವಲ 32ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬ ಇಂದು ರಾಷ್ಟ್ರೀಯ ಗಣಿತ ದಿನ.

ನಪಾಸಾದವರೆಲ್ಲ ರಾಮಾನುಜನ್ ಆಗುತ್ತಾರೆಂದು ನಾವು ಹೇಳುತ್ತಿಲ್ಲ. ಆಗಬೇಕಾಗಿಯೂ ಇಲ್ಲ. ನಾವು ಗಮನಿಸಬೇಕಾದದ್ದು ಬೇರೆ. ಮನೆ ಬಿಟ್ಟು ಓಡಿದಾಗ ಅವರಿಗೆ ದಾರಿ ಸಿಗಲಿಲ್ಲ. ಹಿರಿಯರೊಬ್ಬರ ಬಾಗಿಲು ತಟ್ಟಿದಾಗ ಸಿಕ್ಕಿತು. ಗೆಳೆಯರೇ, ಭಯವನ್ನು ನುಂಗಿಕೊಂಡು ಕೂರದೆ ಅಪ್ಪ, ಅಮ್ಮ, ಗುರುಗಳು, ಯಾರಲ್ಲಾದರೂ ಹೇಳಿಕೊಳ್ಳೋಣ. ಮನೆಯಲ್ಲಿ ಹೇಳಲಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡಬಹುದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಫಲಿತಾಂಶದ ದಿನ ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, ಊಟ ಮಾಡಿದೆಯಾ ಎಂದು ಕೇಳಿರಿ. ಆಮೇಲೆ ನಮ್ಮ ನೋಟ್‌ಬುಕ್ಕನ್ನೂ ಒಮ್ಮೆ ತೆರೆದು ನೋಡಿರಿ.